ಮರೆವಿನ ಕಾಯಿಲೆಗೆ ಮಾತ್ರೆಯ ಜೊತೆ ಇನ್ನೇನು? ಯಾರಿಗೆ ಯಾವ ದಾರಿ

ಬೆಳಿಗ್ಗೆ ಆರು ಗಂಟೆ. ಅತ್ತೆ ಫಿಲ್ಟರಿಗೆ ಬಿಸಿನೀರು ಹಾಕಿ, ಮುಚ್ಚಳ ಮುಚ್ಚಿ, ಎಂದಿನಂತೆ ಜಗಲಿಗೆ ಬಂದು ಕೂತರು. ಸ್ವಲ್ಪ ಹೊತ್ತು ಬಿಟ್ಟು ನಾನು ಹೋಗಿ ನೋಡಿದರೆ ಕೆಳಗಿನ ಡಬ್ಬಿಯಲ್ಲಿ ಬರೀ ನೀರು. ಪುಡಿ ಹಾಕಿಯೇ ಇರಲಿಲ್ಲ. "ಯಾಕೋ ಡಿಕಾಕ್ಷನ್ನೇ ಇಳಿದಿಲ್ಲ ಕಣೇ, ಈ ಸಲ ಪುಡಿ ಚೆನ್ನಾಗಿಲ್ಲ" ಅಂದರು. ಮೂಡಿಗೆರೆಯ ತೋಟದ ಮನೆಯಲ್ಲಿ ಹುಟ್ಟಿ ಬೆಳೆದವರು. ಐವತ್ತು ವರ್ಷ ಮನೆಮಂದಿಗೆಲ್ಲ ಕಾಫಿ ಮಾಡಿಕೊಟ್ಟವರು.

ಅದಾದ ಎರಡು ತಿಂಗಳಿಗೆ ಡಾಕ್ಟರ್ ಹೇಳಿದರು: ಆಲ್ಝೈಮರ್, ಇನ್ನೂ ಆರಂಭದ ಹಂತ. ಮಾತ್ರೆ ಬರೆದುಕೊಟ್ಟರು. ಜೊತೆಗೆ "ಇವರನ್ನ ಚಟುವಟಿಕೆಯಲ್ಲಿಡಿ" ಅಂದರು. ಚಟುವಟಿಕೆ ಅಂದರೆ ಯಾವುದು? ಪದಬಂಧ ಬಿಡಿಸೋದಾ, ಭಜನೆಗೆ ಕಳಿಸೋದಾ, ಬೆಂಗಳೂರಿಗೆ ಕರ್ಕೊಂಡು ಹೋಗೋದಾ? ಆ ಒಂದು ಮಾತನ್ನು ಅರ್ಥ ಮಾಡಿಕೊಳ್ಳೋಕೆ ನನಗೆ ಹೆಚ್ಚುಕಮ್ಮಿ ಒಂದು ವರ್ಷ ಹಿಡಿಯಿತು. ಈಗ ಹಾಸನದಲ್ಲಿ ನಮ್ಮ ಬೀದಿಯವರು, ಚಿಕ್ಕಮಗಳೂರಿನ ನೆಂಟರು ಇದೇ ಪ್ರಶ್ನೆ ಇಟ್ಟುಕೊಂಡು ಫೋನ್ ಮಾಡುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಮನೆಯಲ್ಲಿ ನೋಡಿಕೊಳ್ಳುವವಳು. ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬೇಡಿ. ಇವೆಲ್ಲ ಮಾತ್ರೆಯ ಬದಲಿಗೆ ಅಲ್ಲ, ಅದರ ಜೊತೆಗೆ.

ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಸುಮಾರು 7.4 ಶೇಕಡಾ ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ ಅಂತ 2023ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆ ಅಂದಾಜು ಮಾಡಿತು. ಡಿಮೆನ್ಷಿಯಾ ಅಂದರೆ ನೆನಪು, ಯೋಚನೆ ಕುಗ್ಗುತ್ತಾ ಹೋಗುವ ಕಾಯಿಲೆಗಳಿಗೆಲ್ಲ ಒಟ್ಟು ಹೆಸರು, ಆಲ್ಝೈಮರ್ ಅದರಲ್ಲೊಂದು. ಹಾಗಿದ್ದರೂ ನಮ್ಮಲ್ಲಿ ಇನ್ನೂ "ಅರಳು ಮರಳು, ವಯಸ್ಸಾಯ್ತಲ್ಲ" ಅಂತ ಸುಮ್ಮನಾಗುತ್ತೇವೆ.

ಮೊದಲು ಇದನ್ನು ಮುಗಿಸಿ

ಯಾವ ಥೆರಪಿ ಅಂತ ಹುಡುಕುವ ಮುಂಚೆ, ಇದು ಡಿಮೆನ್ಷಿಯಾ ಹೌದಾ ಅಂತ ಗೊತ್ತಾಗಬೇಕು. ಬಿ12 ಕಮ್ಮಿಯಾದರೂ ಮರೆವು ಬರುತ್ತದೆ. ಥೈರಾಯ್ಡ್ ಏರುಪೇರಾದರೂ ಬರುತ್ತದೆ. ಖಿನ್ನತೆ, ಕೆಲವು ನಿದ್ದೆಮಾತ್ರೆ, ಬಿದ್ದಾಗ ತಲೆಯೊಳಗೆ ನಿಧಾನಕ್ಕೆ ಸೇರಿಕೊಂಡ ರಕ್ತ, ಇವೆಲ್ಲ ಕೂಡ ಕಾರಣ ಆಗಬಹುದು. ಇವುಗಳಲ್ಲಿ ಬಹಳಷ್ಟಕ್ಕೆ ಚಿಕಿತ್ಸೆ ಇದೆ. ನಿನ್ನೆ ಸರಿ ಇದ್ದವರು ಇವತ್ತು ದಿಢೀರನೆ ಗಲಿಬಿಲಿ ಮಾಡಿಕೊಂಡರೆ ಅದು ಸೋಂಕೋ ಇನ್ನೇನೋ ಇರಬಹುದು. ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಕಿವಿ, ಕಣ್ಣನ್ನೂ ತೋರಿಸಿ. ಕಿವಿ ಕೇಳದವರನ್ನು ಗುಂಪಿನಲ್ಲಿ ಕೂರಿಸಿದರೆ ಅದು ಅವರಿಗೆ ಶಿಕ್ಷೆ. ನಮ್ಮ ಅತ್ತೆಗೆ ಕಣ್ಣಿನ ಪೊರೆ ತೆಗೆಸಿದ ಮೇಲೆ, ಮರೆವು ಅಂತ ನಾವು ಅಂದುಕೊಂಡಿದ್ದರಲ್ಲಿ ಒಂದಿಷ್ಟು ತಾನಾಗಿಯೇ ಹೋಯಿತು. ಅವರಿಗೆ ಡಬ್ಬಿಗಳೇ ಸರಿಯಾಗಿ ಕಾಣುತ್ತಿರಲಿಲ್ಲ.

ಒಂದೇ ಥರ ಕೇಳಿಸುವ ಮೂರು ಹೆಸರು

ಗೊಂದಲವೆಲ್ಲ ಇಲ್ಲಿಂದಲೇ ಶುರು. ಕಾಗ್ನಿಟಿವ್ ಟ್ರೈನಿಂಗ್, ಕಾಗ್ನಿಟಿವ್ ಸ್ಟಿಮ್ಯುಲೇಶನ್, ಕಾಗ್ನಿಟಿವ್ ರಿಹ್ಯಾಬಿಲಿಟೇಶನ್. ಮೂರೂ ಬೇರೆ ಬೇರೆ.

ಟ್ರೈನಿಂಗ್ ಅಂದರೆ ಮಗ್ಗಿ ಹೇಳಿಸಿದ ಹಾಗೆ. ಪಟ್ಟಿ ನೆನಪಿಟ್ಟುಕೊಳ್ಳುವುದು, ಚಿತ್ರ ಜೋಡಿಸುವುದು, ಕಂಪ್ಯೂಟರ್ ಇಲ್ಲವೇ ಮೊಬೈಲ್ ಆಟ. ಒಂದೊಂದು ಶಕ್ತಿಯನ್ನು ಮತ್ತೆ ಮತ್ತೆ ತಿದ್ದುವುದು. ಸ್ಟಿಮ್ಯುಲೇಶನ್ ಅಂದರೆ ಮದುವೆ ಮನೆಯಲ್ಲಿ ತರಕಾರಿ ಹೆಚ್ಚುತ್ತಾ ಕೂತ ಹೆಂಗಸರ ಮಾತಿನ ಹಾಗೆ. ಯಾರೂ ಯಾರಿಗೂ ಪಾಠ ಹೇಳುವುದಿಲ್ಲ, ಆದರೂ ತಲೆ ಓಡುತ್ತಿರುತ್ತದೆ. ರಿಹ್ಯಾಬಿಲಿಟೇಶನ್ ಅಂದರೆ ಒಬ್ಬರೇ ವ್ಯಕ್ತಿ, ಅವರದೇ ಮನೆ, ಅವರಿಗೆ ಬೇಕಾದ ಒಂದು ಕೆಲಸ. ಇದಕ್ಕೆ ಪುನರ್ವಸತಿ ಅಂತ ಬರೆಯುವುದನ್ನು ನೋಡಿದ್ದೇನೆ. ಹಾಸನದ ಕಡೆ ಪುನರ್ವಸತಿ ಅಂದರೆ ಹೇಮಾವತಿ ಡ್ಯಾಮಿಗೆ ಊರು ಬಿಟ್ಟವರ ನೆನಪೇ ಮೊದಲು ಬರುವುದು. ಅದಕ್ಕೆ ನಾನು "ಕೆಲಸ ಉಳಿಸಿಕೊಳ್ಳುವ ದಾರಿ" ಅಂತಲೇ ಹೇಳುತ್ತೇನೆ.

ಮೆದುಳಿನ ಡ್ರಿಲ್: ನನ್ನ ದುಡ್ಡು ಹೋಗಿದ್ದು ಇಲ್ಲೇ

ಮೊದಲು ನಾನು ಹಿಡಿದಿದ್ದು ಟ್ರೈನಿಂಗನ್ನು. ದೂರದ ಊರಿನ ಒಂದು ಸೆಂಟರಿನವರು ಆರು ತಿಂಗಳ ಪ್ಯಾಕೇಜ್ ಅಂದರು, ನೆನಪಿನ ಶಕ್ತಿ ವಾಪಸ್ ಬರುತ್ತೆ ಅಂದರು. ಟ್ಯಾಬಿನಲ್ಲಿ ಆಟ. ನಾಲ್ಕು ಹಣ್ಣು ತೋರಿಸಿ ಮಾಯ ಮಾಡುವುದು, ಯಾವುದು ಎಲ್ಲಿತ್ತು ಹೇಳಿ ಅನ್ನುವುದು. ತಪ್ಪಾದರೆ ಕೆಂಪು ಗುರುತು, ಟೊಂಯ್ ಅಂತ ಸದ್ದು. ಮೂರನೇ ವಾರ ಅತ್ತೆ ಟ್ಯಾಬನ್ನು ಮಗುಚಿಟ್ಟು, "ನಾನೇನು ತಪ್ಪು ಮಾಡಿದೆ ಅಂತ ಇದು ನನ್ನ ಬೈಯುತ್ತೆ?" ಅಂತ ಕೇಳಿದರು. ಆ ಮಾತು ಈಗಲೂ ನನ್ನ ಹೊಟ್ಟೆಯಲ್ಲಿದೆ.

ಆಮೇಲೆ ಓದಿದಾಗ ತಿಳಿಯಿತು. ಯಾವ ಚಿಕಿತ್ಸೆ ಕೊಡಬೇಕು, ಯಾವುದು ಬೇಡ ಅಂತ ಹೇಳುವ ಬ್ರಿಟನ್ನಿನ ನೈಸ್ ಸಂಸ್ಥೆ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಆರಂಭದ ಮತ್ತು ಮಧ್ಯಮ ಹಂತದ ಆಲ್ಝೈಮರ್ ಇರುವವರಿಗೆ ಕಾಗ್ನಿಟಿವ್ ಟ್ರೈನಿಂಗ್ ಕೊಡಬೇಡಿ ಅಂತಲೇ ಇದೆ. ಅದೇ ಮಾರ್ಗಸೂಚಿ ಸ್ಟಿಮ್ಯುಲೇಶನ್ ಗುಂಪನ್ನು ಕೊಡಿ ಅನ್ನುತ್ತದೆ. ರಿಹ್ಯಾಬಿಲಿಟೇಶನ್, ಹಳೆ ನೆನಪಿನ ಗುಂಪು, ಆಕ್ಯುಪೇಷನಲ್ ಥೆರಪಿ (ದಿನನಿತ್ಯದ ಕೆಲಸ ತಾವೇ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸೆ) ಇವನ್ನು ಪರಿಗಣಿಸಿ ಅನ್ನುತ್ತದೆ. ಡಿಮೆನ್ಷಿಯಾಗೆ ಅಂತ ವಿಟಮಿನ್ ಇ ಮಾತ್ರೆ, ಜಿನ್ಸೆಂಗ್, ಗಿಡಮೂಲಿಕೆ ಕೊಡಬೇಡಿ ಅಂತಲೂ ಅದರಲ್ಲಿದೆ.

ಡ್ರಿಲ್ ಯಾಕೆ ಅಷ್ಟು ಉಪಯೋಗಕ್ಕೆ ಬರಲ್ಲ? ಆಟದಲ್ಲಿ ಹಣ್ಣು ನೆನಪಿಟ್ಟುಕೊಳ್ಳೋದು ಸುಧಾರಿಸಿದರೂ ಅದು ಅಡುಗೆಮನೆಗೆ ನಡೆದು ಬರುವುದಿಲ್ಲ. ಆಟದಲ್ಲಿ ಕಲಿತದ್ದು ಆಟದಲ್ಲೇ ಉಳಿಯುತ್ತದೆ. ಇನ್ನೂ ಕಾಯಿಲೆ ಬರದ ಹಿರಿಯರ ವಿಷಯ ಬೇರೆ, ಅವರು ಪದಬಂಧ ಬಿಡಿಸಿಕೊಂಡು ಆರಾಮಾಗಿ ಇರಲಿ. ಕಾಯಿಲೆ ಇರುವವರೂ ಇಷ್ಟಪಟ್ಟು ಆಡಿದರೆ ಆಡಲಿ. ಅದಕ್ಕೆ ದುಡ್ಡು ಕಟ್ಟಬೇಡಿ, ಬಲವಂತ ಮಾಡಬೇಡಿ ಅನ್ನೋದಷ್ಟೇ ನನ್ನ ಮಾತು.

ಗುಂಪಿನಲ್ಲಿ ಕೂರುವುದು

ಕಾಗ್ನಿಟಿವ್ ಸ್ಟಿಮ್ಯುಲೇಶನ್ ಥೆರಪಿ, ಚಿಕ್ಕದಾಗಿ ಸಿಎಸ್‌ಟಿ. ಬ್ರಿಟನ್ನಿನ ಏಮಿ ಸ್ಪೆಕ್ಟರ್, ಮಾರ್ಟಿನ್ ಆರೆಲ್, ಬಾಬ್ ವುಡ್ಸ್ ಇವರೆಲ್ಲ ಸೇರಿ ರೂಪಿಸಿದ್ದು. ವಾರಕ್ಕೆ ಎರಡು ಸಲ, ಏಳು ವಾರ, ಒಟ್ಟು 14 ಕೂಟ. ಒಂದೊಂದು ಸುಮಾರು 45 ನಿಮಿಷ. ಗುಂಪಿನಲ್ಲಿ ಐದರಿಂದ ಎಂಟು ಜನ. 2003ರಲ್ಲಿ 201 ಜನರ ಮೇಲೆ ಮಾಡಿದ ಅಧ್ಯಯನ ಪ್ರಕಟವಾಯಿತು. ಗುಂಪಿಗೆ ಬಂದವರ ನೆನಪಿನ ಪರೀಕ್ಷೆಯಲ್ಲೂ ಬದುಕಿನ ನೆಮ್ಮದಿಯಲ್ಲೂ ಸ್ವಲ್ಪ ಸುಧಾರಣೆ ಕಂಡಿತು. ಮರೆವಿಗೆ ಕೊಡುವ ಮಾತ್ರೆಗಳ ಪರಿಣಾಮಕ್ಕೆ ಹೋಲಿಸಿದರೂ ಕಮ್ಮಿಯೇನಲ್ಲ ಅಂತ ಅಧ್ಯಯನ ಮಾಡಿದವರು ಹೇಳಿದರು. ಸ್ವಲ್ಪ ಅನ್ನುವ ಪದವನ್ನು ಮರೆಯಬೇಡಿ. ಕಾಯಿಲೆ ವಾಸಿಯಾಗುವುದಿಲ್ಲ. ನಮ್ಮ ಪಕ್ಕದ ಚೆನ್ನೈನಲ್ಲಿ ಮಾನಸಿಕ ಆರೋಗ್ಯಕ್ಕೆ ಕೆಲಸ ಮಾಡುವ ಸ್ಕಾರ್ಫ್ ಸಂಸ್ಥೆ ಇದನ್ನು ಅಲ್ಲಿನ ಜನರಿಗೆ ಒಗ್ಗಿಸಿ ನಡೆಸಿದೆ. ಅಂದಮೇಲೆ ನಮ್ಮ ಕಡೆಗೂ ಒಗ್ಗುತ್ತದೆ.

ಪ್ರತಿ ಕೂಟಕ್ಕೂ ಒಂದು ವಿಷಯ: ಊಟ, ಬಾಲ್ಯ, ಸದ್ದುಗಳು, ದುಡ್ಡು, ಇವತ್ತಿನ ಸುದ್ದಿ. ಶುರುವಿನಲ್ಲಿ ದಿನಾ ಒಂದೇ ಹಾಡು, ಗುಂಪಿಗೆ ಅವರೇ ಇಟ್ಟ ಹೆಸರು. ಇದರ ಮುಖ್ಯ ಗುಟ್ಟು ಏನಂದರೆ, ನೆನಪನ್ನು ಕೇಳುವುದಿಲ್ಲ, ಅಭಿಪ್ರಾಯ ಕೇಳುತ್ತಾರೆ. "ಹಾಸನಾಂಬೆ ಬಾಗಿಲು ತೆಗೆಯೋದು ಯಾವ ತಿಂಗಳು?" ಅಂತ ಕೇಳಿದರೆ ಮರೆತವರು ತಲೆ ತಗ್ಗಿಸುತ್ತಾರೆ. "ಹಾಸನಾಂಬೆ ದರ್ಶನಕ್ಕೆ ಪಾಸ್ ಕೊಡೋದು ಸರಿನಾ?" ಅಂತ ಕೇಳಿ ನೋಡಿ. ಅಭಿಪ್ರಾಯ ಇಲ್ಲದವರು ಹಾಸನದಲ್ಲಿ ಯಾರಿದ್ದಾರೆ? ಅದರಲ್ಲಿ ತಪ್ಪು ಉತ್ತರವೇ ಇಲ್ಲ.

ನಾವು ಕೇಳಿ ತಿಳಿದುಕೊಂಡು, ಮನೆಯಲ್ಲೇ ಐದು ಜನರದೊಂದು ಗುಂಪು ಮಾಡಿದೆವು. ಮಂಗಳವಾರ, ಶುಕ್ರವಾರ, ಹನ್ನೊಂದು ಗಂಟೆಗೆ. ಅದನ್ನು ಸಿಎಸ್‌ಟಿ ಅಂತ ಕರೆಯಲಾರೆ, ನಮಗೆ ತರಬೇತಿ ಇಲ್ಲ. ಆದರೆ ಒಂದು ದಿನ ನಡೆದದ್ದನ್ನು ಹೇಳಬೇಕು. ಮೂಡಿಗೆರೆಯಿಂದ ಭಾವ ಬರುವಾಗ ಮೂರು ಹಿಡಿ ಕಾಫಿ ತಂದಿದ್ದರು: ಗಿಡದಿಂದ ಆಗಷ್ಟೇ ಕೊಯ್ದ ಹಣ್ಣು, ಇಡೀ ಹಣ್ಣನ್ನೇ ಒಣಗಿಸಿದ ಚೆರ್ರಿ, ಹಣ್ಣಿನ ತಿರುಳು ತೆಗೆದು ಸಿಪ್ಪೆ ಸಮೇತ ಒಣಗಿಸಿದ ಕಾಳು, ಅಂದರೆ ಪಾರ್ಚ್‌ಮೆಂಟ್. ಎಲ್ಲ ಕಲಸಿ ಮೊರದಲ್ಲಿಟ್ಟು, ಬೇರೆ ಮಾಡಿ ಅಂದೆ. ಗುಂಪಿನಲ್ಲಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದ ಒಬ್ಬ ಹಿರಿಯರಿದ್ದಾರೆ. ಆ ಹೊತ್ತಿಗೆ ಅವರು ಹೂಂ, ಉಹೂಂ ಬಿಟ್ಟರೆ ಮಾತು ಆಡುತ್ತಿರಲಿಲ್ಲ. ಒಂದು ಪಾರ್ಚ್‌ಮೆಂಟ್ ಕಾಳು ಎತ್ತಿಕೊಂಡರು. ಬೆರಳಲ್ಲಿ ಉರುಟಿಸಿದರು. ಸಿಪ್ಪೆ ಸುಲಿದು ಹಲ್ಲಿಗೆ ಕೊಟ್ಟು ಕಚ್ಚಿದರು. "ಇನ್ನೂ ಎರಡು ಬಿಸಿಲು ಬೇಕು. ಯಾರು ಕಣದಿಂದ ಎತ್ತಿದ್ದು?" ಅಂದರು. ಬಾಗಿಲ ಹತ್ತಿರ ನಿಂತಿದ್ದ ಅವರ ಮಗಳು ಅಲ್ಲೇ ಕುಸಿದು ಕೂತು ಅತ್ತುಬಿಟ್ಟಳು.

ಇದು ಯಾರಿಗೆ ಸರಿ? ಆರಂಭದ ಮತ್ತು ಮಧ್ಯಮ ಹಂತದವರಿಗೆ, ಮಾತು ಕೇಳಿಸುವವರಿಗೆ, 45 ನಿಮಿಷ ಕೂರಬಲ್ಲವರಿಗೆ. ಮನೆಯಲ್ಲಿ ಸುಮ್ಮನೆ ಗೋಡೆ ನೋಡಿಕೊಂಡು ಕೂರುವವರಿದ್ದರೆ ನನ್ನ ಮೊದಲ ಸಲಹೆ ಇದೇ. ಮೊದಲಿನಿಂದಲೂ ಜನರ ಗುಂಪು ಅಂದರೆ ಆಗದವರನ್ನು, ಈಗ ಕಾಯಿಲೆ ಬಂತು ಅಂತ ಗುಂಪಿಗೆ ದೂಡಬೇಡಿ.

ಗುಂಪು ಸಿಗದಿದ್ದರೆ ಮನೆಯವರೇ ಒಬ್ಬರಿಗೊಬ್ಬರು ಕೂತು ಮಾಡಬಹುದಲ್ಲ ಅಂತ ಅನ್ನಿಸುತ್ತದೆ. ಅದನ್ನೂ ಪರೀಕ್ಷಿಸಿ ನೋಡಿದ್ದಾರೆ. 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 356 ಜೋಡಿಗಳು ಇದ್ದವು, ಕಾಯಿಲೆ ಇರುವವರು ಮತ್ತು ನೋಡಿಕೊಳ್ಳುವವರು. ವಾರಕ್ಕೆ ಮೂರು ಸಲ, ಅರ್ಧರ್ಧ ಗಂಟೆ, 25 ವಾರ. ನೆನಪಿನಲ್ಲಿ ಸುಧಾರಣೆ ಕಾಣಲಿಲ್ಲ. ಆದರೆ ಇಬ್ಬರ ನಡುವಿನ ಸಂಬಂಧ ಹಿತವಾಯಿತು ಅಂತ ಕಾಯಿಲೆ ಇರುವವರು ಹೇಳಿದರು. ನನಗಂತೂ ಇದು ದೊಡ್ಡ ಲಾಭ. ದಿನವಿಡೀ ಬರೀ "ಮಾತ್ರೆ ತಗೊಳ್ಳಿ, ಸ್ನಾನ ಮಾಡಿ, ಅಲ್ಲಿ ಹೋಗಬೇಡಿ" ಅನ್ನುವ ಸೊಸೆಯಾಗುವ ಬದಲು, ಅರ್ಧ ಗಂಟೆ ಜೊತೆಗೆ ಕೂತು ಅವರೆಕಾಯಿ ಸುಲಿಯುವ ಸೊಸೆ ಆಗಬಹುದು.

ಒಂದು ಕೆಲಸ ಉಳಿಸಿಕೊಳ್ಳುವುದು

ನಮ್ಮ ಮನೆಗೆ ಹೆಚ್ಚು ಉಪಯೋಗವಾದದ್ದು ಇದು. ಅದಕ್ಕೇ ಇದನ್ನು ಬಿಡಿಸಿ ಹೇಳುತ್ತೇನೆ.

ಬೆಂಗಳೂರಿನಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ ಒಬ್ಬರ ಹತ್ತಿರ ಹೋಗಿದ್ದೆವು. ಅವರು ನನ್ನನ್ನು ಏನೂ ಕೇಳಲಿಲ್ಲ. ಅತ್ತೆಯ ಕಡೆ ತಿರುಗಿ, "ಅಮ್ಮಾ, ಯಾವ ಕೆಲಸ ನೀವೇ ಮಾಡಬೇಕು ಅಂತ ನಿಮಗೆ ಆಸೆ?" ಅಂತ ಕೇಳಿದರು. ದೇವರ ಪೂಜೆ ಅನ್ನುತ್ತಾರೆ ಅಂದುಕೊಂಡಿದ್ದೆ. ಅತ್ತೆ, "ಬೆಳಿಗ್ಗೆ ಕಾಫಿ. ಬೇರೆಯವರು ಮಾಡಿದ್ದು ನನಗೆ ಆಗಲ್ಲ" ಅಂದರು. ಗುರಿ ಅಲ್ಲಿಗೆ ನಿಂತಿತು. ನೆನಪು ಹೆಚ್ಚಿಸೋದಲ್ಲ, ಬೆಳಿಗ್ಗೆ ಕಾಫಿ.

ಎರಡು ದಿನ ನಾನು ಸುಮ್ಮನೆ ನಿಂತು ನೋಡಬೇಕಿತ್ತು. ತಿದ್ದುವಂತಿಲ್ಲ. ಒಂದೊಂದು ಹೆಜ್ಜೆಯನ್ನೂ ಬರೆದುಕೊಂಡೆ. ಹನ್ನೊಂದು ಹೆಜ್ಜೆ ಆಯಿತು. ಅದರಲ್ಲಿ ಕೈ ತಪ್ಪುತ್ತಿದ್ದುದು ಎರಡೇ ಕಡೆ: ಪುಡಿ ಹಾಕುವುದು, ಗ್ಯಾಸ್ ಆಫ್ ಮಾಡುವುದು. ಉಳಿದ ಒಂಬತ್ತು ಸರಿಯಾಗಿಯೇ ಇದ್ದವು. ನಾನೋ "ಇವರಿಗೆ ಇನ್ನು ಅಡುಗೆಮನೆಯೇ ಬೇಡ" ಅಂತ ತೀರ್ಮಾನ ಮಾಡಿಬಿಟ್ಟಿದ್ದೆ.

ಕಾಫಿಪುಡಿ ಇದ್ದದ್ದು ಮೇಲಿನ ಶೆಲ್ಫಿನಲ್ಲಿ, ಒಂದೇ ಥರದ ಆರು ಸ್ಟೀಲ್ ಡಬ್ಬಿಗಳ ನಡುವೆ. ಅದನ್ನು ಗಾಜಿನ ಬಾಟಲಿಗೆ ಹಾಕಿ ಫಿಲ್ಟರ್ ಪಕ್ಕದಲ್ಲೇ ಇಟ್ಟೆವು. ರಾತ್ರಿ ಮಲಗುವ ಮುಂಚೆ ಪುಡಿಯ ಚಮಚವನ್ನು ಫಿಲ್ಟರಿನ ಮೇಲಿನ ಭಾಗದೊಳಗೆ ನಿಲ್ಲಿಸಿ ಇಡುವುದು. ಬೆಳಿಗ್ಗೆ ನೀರು ಹಾಕಬೇಕಾದರೆ ಚಮಚ ತೆಗೆಯಲೇಬೇಕು. ಕೈಗೆ ಚಮಚ ಬಂದರೆ ಪುಡಿ ಹಾಕುವುದು ಕೈಗೇ ಗೊತ್ತು. ಇನ್ನು ಗ್ಯಾಸಿಗೆ ಎಲೆಕ್ಟ್ರಿಕ್ ಕೆಟಲ್ ತಂದೆವು. ಹೊಸ ವಸ್ತು, ಅತ್ತೆ ಮುಟ್ಟಲೇ ಇಲ್ಲ. ಆಮೇಲೆ ನಾನೇ ಐದೂವರೆಗೆ ಎದ್ದು, ನೀರು ಕುದಿಸಿ, ಹಳೇ ಫ್ಲಾಸ್ಕಿಗೆ ತುಂಬಿಸಿ ಇಡತೊಡಗಿದೆ. ಗ್ಯಾಸಿನ ಚಿಂತೆಯೇ ಹೋಯಿತು.

ಕಲಿಸುವುದಕ್ಕೂ ಒಂದು ರೀತಿ ಇದೆ. ಒಂದೇ ಪ್ರಶ್ನೆ, ಒಂದೇ ಉತ್ತರ. "ಅತ್ತೆ, ನೀರು ಹಾಕೋ ಮುಂಚೆ ಏನು ನೋಡಬೇಕು?" "ಚಮಚ." ಅರ್ಧ ನಿಮಿಷ ಬಿಟ್ಟು ಮತ್ತೆ ಕೇಳಬೇಕು. ಆಮೇಲೆ ಒಂದು ನಿಮಿಷ, ಎರಡು, ನಾಲ್ಕು, ಎಂಟು. ನಡುವಿನ ಹೊತ್ತಿನಲ್ಲಿ ಬೇರೆ ಮಾತು. ಉತ್ತರ ಬರಲಿಲ್ಲ ಅಂದರೆ ಕಾಯಿಸಬಾರದು. ತಕ್ಷಣ ನಾವೇ ಹೇಳಿ, ಅವರ ಬಾಯಲ್ಲೂ ಹೇಳಿಸಿ, ಹಿಂದೆ ಎಲ್ಲಿ ಸರಿ ಬಂದಿತ್ತೋ ಆ ಅಂತರಕ್ಕೆ ವಾಪಸ್ ಹೋಗಬೇಕು. ಊಹೆ ಮಾಡಿಸಬಾರದು. ಯಾಕಂದರೆ ಈ ಕಾಯಿಲೆಯಲ್ಲಿ ತಪ್ಪು ಉತ್ತರ ಹೇಳಿದರೆ ಆ ತಪ್ಪೇ ಗಟ್ಟಿಯಾಗಿ ಕೂತುಬಿಡುತ್ತದೆ. "ಯೋಚನೆ ಮಾಡಿ, ಯೋಚನೆ ಮಾಡಿ" ಅಂತ ನಾವು ಒತ್ತಾಯ ಮಾಡುವುದು ಎಷ್ಟು ತಪ್ಪು ಅಂತ ಆಗ ಗೊತ್ತಾಯಿತು. ಮೂರು ವಾರ ಹಿಡಿಯಿತು. ಆಮೇಲೆ ಒಂದು ವರ್ಷಕ್ಕೂ ಜಾಸ್ತಿ ಅತ್ತೆ ಅವರ ಕಾಫಿ ಅವರೇ ಮಾಡಿಕೊಂಡು ಕುಡಿದರು. ನನಗೂ ಕೊಟ್ಟರು.

ನೆನಪಿನ ಪರೀಕ್ಷೆಯ ಅಂಕ ಮಾತ್ರ ಏರಲಿಲ್ಲ. ಅದು ಹಾಗೆಯೇ ಅಂತ ದೊಡ್ಡ ಅಧ್ಯಯನವೂ ಹೇಳುತ್ತದೆ. ಲಿಂಡಾ ಕ್ಲೇರ್ ಮತ್ತು ಜೊತೆಯವರು ಬ್ರಿಟನ್ನಿನಲ್ಲಿ 475 ಜನರ ಮೇಲೆ ಮಾಡಿದ ಅಧ್ಯಯನ 2019ರಲ್ಲಿ ಬಂತು. ಮೂರು ತಿಂಗಳಲ್ಲಿ ಮನೆಗೇ ಬಂದು 10 ಸಲ, ಆಮೇಲಿನ ಆರು ತಿಂಗಳಲ್ಲಿ ಇನ್ನೂ 4 ಸಲ. ತಾವೇ ಆರಿಸಿಕೊಂಡ ಕೆಲಸದಲ್ಲಿ ಜನ ಸ್ಪಷ್ಟವಾಗಿ ಸುಧಾರಿಸಿದರು, ಅದು ಒಂಬತ್ತು ತಿಂಗಳ ತನಕವೂ ಉಳಿಯಿತು. ಒಟ್ಟಾರೆ ನೆನಪಿನ ಶಕ್ತಿ ಬದಲಾಗಲಿಲ್ಲ. ಅಂಕ ಬೇಕು ಅನ್ನುವವರಿಗೆ ಈ ದಾರಿ ನಿರಾಸೆ ತರುತ್ತದೆ. ಬೆಳಗಿನ ಹೊತ್ತು ಜಗಳವಿಲ್ಲದೆ ಕಳೆದರೆ ಸಾಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ಒಂಟಿಯಾಗಿ ಇರುವ ಹಿರಿಯರಿದ್ದರೆ ಮೊದಲು ಇದನ್ನೇ ಹಿಡಿಯಿರಿ. ಮಕ್ಕಳೆಲ್ಲ ಬೆಂಗಳೂರು ಸೇರಿ, ಕೊಪ್ಪ, ಕಳಸ, ಸಕಲೇಶಪುರದ ಕಡೆ ಎಷ್ಟು ತೋಟದ ಮನೆಯಲ್ಲಿ ಒಬ್ಬೊಬ್ಬರೇ ಇದ್ದಾರೆ ಅಲ್ವಾ? ಮಾತ್ರೆ ತಗೊಳ್ಳುವುದು, ಬಾಗಿಲು ಹಾಕುವುದು, ಫೋನ್ ಎತ್ತುವುದು. ಮೂರರಲ್ಲಿ ಒಂದನ್ನು ಆರಿಸಿ. ಮೂರನ್ನೂ ಒಟ್ಟಿಗೆ ಹಿಡಿಯಬೇಡಿ.

ಹಳೆಯ ನೆನಪು ತೆಗೆಯುವುದು

ಫೋಟೊ ಆಲ್ಬಂ, ಮದುವೆ ಸೀರೆ, ಹಳೇ ಟ್ರಂಕು. ಹತ್ತಿರದ ನೆನಪು ಮೊದಲು ಹೋಗಿ ಹಳೆಯದು ಉಳಿಯುವುದರಿಂದ, ಇದು ಎಲ್ಲರಿಗೂ ಸುಲಭ, ಸಂತೋಷ ಅಂತ ಅನ್ನಿಸುತ್ತದೆ. ಬಹಳ ಸಲ ಹಾಗೆಯೇ ಆಗುತ್ತದೆ. ಆದರೆ ಎಚ್ಚರ ಬೇಕು. 2012ರಲ್ಲಿ ಬ್ರಿಟನ್ನಿನಲ್ಲಿ 488 ಜೋಡಿಗಳ ಮೇಲೆ ಮಾಡಿದ ಅಧ್ಯಯನದ ಫಲ ಬಂತು. ಕಾಯಿಲೆ ಇರುವವರು, ನೋಡಿಕೊಳ್ಳುವವರು ಇಬ್ಬರನ್ನೂ ಒಂದೇ ಗುಂಪಿನಲ್ಲಿ ಕೂರಿಸಿ ನೆನಪು ತೆಗೆಸಿದ್ದರು. ಕಾಯಿಲೆ ಇರುವವರಿಗೆ ಹೇಳಿಕೊಳ್ಳುವ ಲಾಭ ಆಗಲಿಲ್ಲ. ನೋಡಿಕೊಳ್ಳುವವರ ಆತಂಕ ಮಾತ್ರ ಜಾಸ್ತಿಯಾಯಿತು. ನನಗೆ ಇದು ಆಶ್ಚರ್ಯ ಅನ್ನಿಸಲಿಲ್ಲ. ಪಕ್ಕದಲ್ಲಿ ಕೂತು ಏನೆಲ್ಲ ಕಳೆದುಹೋಗಿದೆ ಅಂತ ನೋಡುವವರು ನಾವೇ ಅಲ್ವಾ.

ನಮ್ಮ ದೊಡ್ಡಮ್ಮನ ಊರು ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ಮುಳುಗಿತು. ಮಕ್ಕಳು ಖುಷಿಯಾಗಲಿ ಅಂತ ಶೆಟ್ಟಿಹಳ್ಳಿ ಚರ್ಚಿನ ಹತ್ತಿರ ಕರೆದುಕೊಂಡು ಹೋಗಿ ನೀರು ತೋರಿಸಿದರು. ದೊಡ್ಡಮ್ಮ ಅವತ್ತು ರಾತ್ರಿಯೆಲ್ಲ ಗಂಟು ಕಟ್ಟುತ್ತಿದ್ದರು, ನಾಳೆ ಮನೆ ಖಾಲಿ ಮಾಡಬೇಕು ಅಂತ. ಯಾವ ನೆನಪು ತೆಗೆಯಬೇಕು ಅನ್ನುವುದು ಮನೆಯವರಿಗೆ ಗೊತ್ತಿರಬೇಕು. ಮೊದಲು ಅಡುಗೆ, ಹಬ್ಬ, ಕೆಲಸ, ಶಾಲೆಯ ದಾರಿ ಇಂಥವನ್ನು ತೆಗೆಯಿರಿ. ಸಾವು, ಆಸ್ತಿ, ಊರು ಬಿಟ್ಟದ್ದು ಇವನ್ನು ಅವರಾಗಿ ಎತ್ತಿದರೆ ಕೇಳಿಸಿಕೊಳ್ಳಿ, ನೀವಾಗಿ ಕೆದಕಬೇಡಿ.

ಹಾಡು, ನಡಿಗೆ

ಹಾಡು ನೆನಪನ್ನು ವಾಪಸ್ ತರುತ್ತದೆ ಅಂತ ಹೇಳಲಾರೆ. ಮನಸ್ಸನ್ನು ಹಗುರ ಮಾಡುತ್ತದೆ, ಅಷ್ಟು ಸಾಕು. ಮಾತು ನಿಂತವರೂ ಸೋಬಾನೆ ಪದದ ಸೊಲ್ಲು ಹಿಡಿಯುವುದನ್ನು ನೋಡಿದ್ದೇನೆ. ಹಾಸನ ಆಕಾಶವಾಣಿ ಬೆಳಿಗ್ಗೆ ಹಾಕಿಡಿ, ಆದರೆ ದಿನವಿಡೀ ಬೇಡ. ಸದ್ದೇ ತೊಂದರೆ ಆಗುತ್ತದೆ.

ನಡಿಗೆ ಕೂಡ ಹಾಗೆಯೇ. 2018ರಲ್ಲಿ 494 ಜನರ ಮೇಲೆ ಮಾಡಿದ ಅಧ್ಯಯನದಲ್ಲಿ ಜಿಮ್ಮಿನ ಥರದ ಜೋರು ವ್ಯಾಯಾಮ ಮಾಡಿಸಿದರು. ದೇಹಕ್ಕೆ ಕಸುವು ಬಂತು, ಮರೆವು ನಿಧಾನವಾಗಲಿಲ್ಲ. ಆದರೂ ಸಂಜೆ ಮಹಾರಾಜ ಪಾರ್ಕಿನಲ್ಲಿ ಎರಡು ಸುತ್ತು ಹಾಕಿಸಿ. ರಾತ್ರಿ ನಿದ್ದೆ ಬಂದರೆ ಇಡೀ ಮನೆಗೇ ಬಂದ ಹಾಗೆ.

ಕಾಯಿಲೆ ಬಲಿತಾಗ

ಗುಂಪು, ಗುರಿ ಇವೆಲ್ಲ ಮುಂದಿನ ಹಂತದಲ್ಲಿ ಕೈ ಬಿಡುತ್ತವೆ. ಆಗ ಅವರು ಹೇಳುವುದರ ಹಿಂದಿನ ಭಾವಕ್ಕೆ ಉತ್ತರ ಕೊಡುವುದೇ ದಾರಿ. ಸಂಜೆಯಾದರೆ "ಮನೆಗೆ ಹೋಗಬೇಕು" ಅಂತ ಹೊರಡುವವರಿಗೆ "ಇದೇ ನಿಮ್ಮ ಮನೆ" ಅಂತ ಹತ್ತು ಸಲ ಹೇಳಿದರೆ ಜಗಳ ಆಗುತ್ತದೆ. "ಮನೇಲಿ ಯಾರಿರ್ತಾರೆ? ಈ ಹೊತ್ತಿಗೆ ಅಲ್ಲಿ ಏನು ಮಾಡ್ತಿದ್ರಿ?" ಅಂತ ಕೇಳಿ, ಜೊತೆಗೆ ಅಂಗಳದ ತನಕ ನಡೆದು ಬನ್ನಿ. ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕುವುದು, ಬಟ್ಟೆ ಮಡಚಲು ಕೊಡುವುದು, ಮಲ್ಲಿಗೆ ಮೊಗ್ಗು ಮೂಸಿಸುವುದು. ಆ ಹಂತದಲ್ಲಿ ಇವೇ ಥೆರಪಿ.

ಯಾವ ಹಂತದಲ್ಲಿದ್ದರೂ ಒಂದು ಕೆಲಸ ನಿಲ್ಲಿಸಬೇಕು. ಮನೆಗೆ ಬಂದವರೆಲ್ಲ ಎದುರಿಗೆ ಕೂತು, "ನಾನ್ಯಾರು ಹೇಳಿ ನೋಡೋಣ?" ಅಂತ ಕೇಳುವುದು. ಅದು ಪ್ರೀತಿಯಿಂದಲೇ ಕೇಳುವುದು, ಗೊತ್ತು. ಆದರೆ ಉತ್ತರ ಗೊತ್ತಿಲ್ಲದವರ ಮುಖವನ್ನು ಒಮ್ಮೆ ನೋಡಿ. ನಾನೀಗ ನೆಂಟರನ್ನು ಗೇಟಿನ ಹತ್ತಿರವೇ ತಡೆದು ಹೇಳಿಬಿಡುತ್ತೇನೆ: "ಒಳಗೆ ಬಂದ ತಕ್ಷಣ ನಿಮ್ಮ ಹೆಸರು, ಯಾರ ಮಗ ಅನ್ನೋದನ್ನ ನೀವೇ ಹೇಳಿ."

ನಮ್ಮ ಕಡೆ ಎಲ್ಲಿ ಕೇಳುವುದು

ಹಾಸನದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಹಿಮ್ಸ್, ಚಿಕ್ಕಮಗಳೂರಿನಲ್ಲಿ ಜಿಲ್ಲಾ ಆಸ್ಪತ್ರೆ. ಎರಡೂ ಕಡೆ ಮೊದಲು ಹೋಗಬೇಕಾದದ್ದು ಮನೋವೈದ್ಯರ ಹತ್ತಿರ. ಮನೋವೈದ್ಯರು ಅಂದರೆ ಹುಚ್ಚಿಗೆ ಮಾತ್ರ ಅಂತ ಹಿಂಜರಿಯಬೇಡಿ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಶುರು ಮಾಡಿದೆ. ಅದರ ಬ್ರೈನ್ ಹೆಲ್ತ್ ಕ್ಲಿನಿಕ್ ಯಾವ ವಾರ, ಯಾವ ಕೊಠಡಿ ಅಂತ ಆಸ್ಪತ್ರೆಯಲ್ಲಿ ವಿಚಾರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಅದರ 14416 ನಂಬರಿಗೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ನೋಡಿಕೊಳ್ಳುವವರು ತಮ್ಮ ಕಷ್ಟ ಹೇಳಿಕೊಳ್ಳಲೂ ಆಗುತ್ತದೆ. ಹಿರಿಯರ ಸಹಾಯವಾಣಿ 14567.

ಆಕ್ಯುಪೇಷನಲ್ ಥೆರಪಿಸ್ಟ್ ನಮ್ಮ ಜಿಲ್ಲೆಗಳಲ್ಲಿ ಸಿಗುವುದು ಕಷ್ಟ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟಿನ ಡಿಮೆನ್ಷಿಯಾ ಕೇಂದ್ರ ಇದೆ. ಆದರೆ ಹಾಸನದಿಂದ ಬೆಂಗಳೂರಿಗೆ ಹೋಗಿಬರುವುದೇ ಅವರಿಗೆ ಎರಡು ದಿನದ ಸುಸ್ತು. ವಾರವಾರ ಓಡಾಡುವ ಯೋಚನೆ ಬೇಡ. ಒಂದು ಸಲ ಹೋಗಿ. ಮನೆಯ ಅಡುಗೆಮನೆ, ಬಚ್ಚಲು, ಮಲಗುವ ಕೋಣೆಯ ವಿಡಿಯೋ ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ ತೋರಿಸಿ. ಒಂದು ಗುರಿ ಬರೆಸಿಕೊಂಡು ಬನ್ನಿ. ಆಮೇಲಿನದನ್ನು ಫೋನಿನಲ್ಲಿ ಕೇಳಬಹುದು.

ಯಾರಾದರೂ ದುಡ್ಡು ಕೇಳಿದರೆ ಮೂರು ಮಾತು ಕೇಳಿ. ಮೂರು ತಿಂಗಳಾದ ಮೇಲೆ ನಮ್ಮ ಮನೆಯಲ್ಲಿ ಯಾವುದು ಬದಲಾಗಿರುತ್ತೆ? ಗುರಿ ಆರಿಸುವುದು ಯಾರು, ನೀವೋ ನಮ್ಮ ಹಿರಿಯರೋ? ಬೇಸರ ಮಾಡಿಕೊಂಡರೆ ಏನು ಮಾಡ್ತೀರಿ? "ನೆನಪು ವಾಪಸ್ ಬರುತ್ತೆ" ಅನ್ನುವ ಉತ್ತರ ಬಂದರೆ ಎದ್ದು ಬನ್ನಿ.

ಆರಿಸಿದ್ದು ಕಾಯಂ ಅಂತಲೂ ತಿಳಿಯಬೇಡಿ. ನಾವು ಮೂರು ತಿಂಗಳಿಗೊಮ್ಮೆ ಗುರಿಯನ್ನು ಮತ್ತೆ ನೋಡಿ, ಬೇಕಿದ್ದರೆ ಬದಲಾಯಿಸುತ್ತೇವೆ. ಕಳೆದ ದೀಪಾವಳಿ ಹೊತ್ತಿಗೆ ಅತ್ತೆಗೆ ಚಮಚ ಕೈಗೆ ಬಂದರೂ ಏನು ಮಾಡಬೇಕು ಅಂತ ತಿಳಿಯದೇ ಹೋಯಿತು. ಎರಡು ದಿನ ಹಾಗೆ ಹಿಡಿದುಕೊಂಡೇ ನಿಂತಿದ್ದರು. ಮೂರನೇ ದಿನ ಫಿಲ್ಟರ್ ನಾನು ಹಾಕಿದೆ. ಈಗಿನ ಗುರಿ, ಲೋಟದಿಂದ ಬಟ್ಟಲಿಗೆ ಎರಡು ಸಲ ಎತ್ತಿ ಹೊಯ್ಯುವುದು. ಅದು ಅವರ ಕೈಯಲ್ಲಿ ಇನ್ನೂ ಇದೆ, ಒಂದು ತೊಟ್ಟೂ ಚೆಲ್ಲುವುದಿಲ್ಲ. ಹೊಯ್ದು, ನೊರೆ ನೋಡಿ, ಮೊದಲ ಲೋಟ ನನ್ನ ಕಡೆ ಚಾಚುತ್ತಾರೆ. ನನ್ನ ಹೆಸರು ಅವರಿಗೆ ಈಗ ದಿನಾ ನೆನಪಾಗುವುದಿಲ್ಲ. "ತಗೋ ಮಗಾ, ಬಿಸಿ ಇದೆ" ಅನ್ನುತ್ತಾರೆ.